ನದಿಗೆ ಮುಖಮಾಡಿದ ಬಂಡಸಾಲೆ

ಹಳೆಯ ಕಟ್ಟಡಗಳನ್ನು ಅರಸುತ್ತ ತಿರುಗುವ ಹವ್ಯಾಸವುಳ್ಳವರು ಬಸರೂರಿಗೆ ಹೋದರೆ, ಮಹಾಲಿಂಗೇಶ್ವರನ ಸನ್ನಿಧಿಯಲ್ಲಿ ಕೈಮುಗಿದು, ಆಲದ ಬೇರುಗಳ ಆಲಿಂಗನದಲ್ಲಿ ಸಿಲುಕಿದ ತುಳುವೇಶ್ವರನ ಭಗ್ನಾಲಯದ ಮುಂದೆ ಬೆರಗಾಗಿ ನಿಂತು, ಶಿಲಾಶಾಸನಗಳನ್ನು ಬೆರಳಿನಿಂದ ಸವರಿ, ಬಿಸಿಲೇರುವ ಮುನ್ನವೇ ಕುಂದಾಪುರದ ದಾರಿ ಹಿಡಿಯುವುದು ವಾಡಿಕೆ. ನಾನೂ ಅನೇಕ ವರ್ಷ ಹಾಗೆಯೇ ಮಾಡಿದವನು. ಆದರೆ ಶಾಸನಗಳ ವಾಚನವನ್ನು ಸಾವಧಾನವಾಗಿ ಓದಿದಾಗ, ಆ ದೇವಾಲಯಗಳಿಗೆ ಆಸರೆಯಾಗಿದ್ದವರು ಅರಸರು ಮಾತ್ರವಲ್ಲ, ಮೂಡುಕೇರಿ ಪಡುವಕೇರಿಗಳ ಸೆಟ್ಟಿಕಾರರೂ ಹೌದೆಂದು ತಿಳಿದುಬಂದಿತು. ಆ ಸೆಟ್ಟಿಕಾರರ ಸಂಪತ್ತು ಯಾವ ಮಾಡಿನ ಕೆಳಗೆ ಕೂಡಿತ್ತೆಂಬ ಪ್ರಶ್ನೆ ಮೂಡಿದಂದಿನಿಂದ ನನ್ನ ಕಾಲುಗಳು ಗುಡಿಯ ಬಾಗಿಲಿಗಿಂತ ಮುಂಚೆ ವಾರಾಹಿಯ ದಡಕ್ಕೆ ಇಳಿಯತೊಡಗಿದವು.

ನಮ್ಮ ಕರಾವಳಿಯಲ್ಲಿ ನದೀತೀರದ ಸರಕಿನ ಮನೆಗೆ ಬಂಡಸಾಲೆಯೆಂದು ಹೆಸರು. ಸಂಸ್ಕೃತದ ಭಾಂಡಶಾಲೆಯೇ ವರ್ತಕರ ನಾಲಿಗೆಯಲ್ಲಿ ನುಣುಪಾಗಿ ಬಂಡಸಾಲೆಯಾಯಿತು. ಇಲ್ಲಿ ಭಾಂಡವೆಂದರೆ ಪಾತ್ರೆಯಲ್ಲ, ವ್ಯಾಪಾರದ ಸರಕು. ಇದೇ ಮೂಲದ ಮಾತು ಪೋರ್ತುಗೀಸರ ಬಾಯಿಯಲ್ಲಿ ಬಂಗಸಾಲ್ ಎನಿಸಿ, ಇಂಗ್ಲಿಷರ ಲೆಕ್ಕದ ಪುಸ್ತಕಗಳಲ್ಲಿ ಬ್ಯಾಂಕ್‌ಶಾಲ್ ಎಂದು ದಾಖಲಾಗಿ, ಕಲ್ಕತ್ತೆಯ ಒಂದು ಬೀದಿಗೂ ಅಲ್ಲಿನ ನ್ಯಾಯಾಲಯಕ್ಕೂ ಇಂದಿಗೂ ಹೆಸರಾಗಿ ನಿಂತಿದೆಯೆಂದು ಪದಮೂಲವನ್ನು ಶೋಧಿಸಿದ ವಿದ್ವಾಂಸರು ಹೇಳುತ್ತಾರೆ. ಇಷ್ಟು ದೂರ ಸಂಚರಿಸಿದ ಮಾತನ್ನು ನಾವು ಮಾತ್ರ ಮರೆತು, ಗೋದಾಮು ಎಂಬ ಒಂದೇ ಪದದಿಂದ ಎಲ್ಲವನ್ನೂ ಕರೆಯುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಬಂಡಸಾಲೆಯ ಸ್ವರೂಪವನ್ನು ತಿಳಿಯಬೇಕಾದರೆ ಮೊದಲು ಮಳೆಗಾಲವನ್ನು ತಿಳಿಯಬೇಕು. ಜ್ಯೇಷ್ಠದಲ್ಲಿ ಕಡಲು ಕೆರಳಿತೆಂದರೆ ಗಂಗೊಳ್ಳಿಯ ಅಳಿವೆಯೂ ಹಂಗಾರಕಟ್ಟೆಯ ಅಳಿವೆಯೂ ಹಾಯಿಹಡಗುಗಳ ಪಾಲಿಗೆ ಮುಚ್ಚಿದಂತೆಯೇ; ಮಂಜಿ ಮಚವೆಗಳನ್ನು ದಡಕ್ಕೆಳೆದು ಮಡಲಿನ ಹೊದಿಕೆ ಹಾಕಿದ ಮೇಲೆ, ಶ್ರಾವಣದ ಹುಣ್ಣಿಮೆಯಂದು ಸಮುದ್ರರಾಜನಿಗೆ ತೆಂಗಿನಕಾಯಿ ಅರ್ಪಿಸುವವರೆಗೆ ವ್ಯಾಪಾರವೆಲ್ಲ ಸ್ತಬ್ಧ. ಆ ಅವಧಿಯಲ್ಲಿ ಘಟ್ಟದ ಮೇಲಿನಿಂದ ಇಳಿದ ಮೆಣಸೂ, ಬಯಲಿನ ಕಾರ್ತಿ ಸುಗ್ಗಿಗಳ ಅಕ್ಕಿಯಲ್ಲಿ ಹಡಗು ಏರದೆ ಉಳಿದ ಭಾಗವೂ ನಾಲ್ಕು ಗೋಡೆಗಳ ನಡುವೆ ಒಣಗಿಯೇ ಉಳಿಯಬೇಕಾಗಿದ್ದಿತು. “ಮಳಿ ಹಿಡೂಕ್ ಮುಂಚೆ ಮುಡಿ ಎಲ್ಲ ಒಳ್ಗ್ ಹೋಯ್ಕ್ ಮಾರಾಯ್ರೆ,” ಎಂದು ದಡದ ವೃದ್ಧರೊಬ್ಬರು ನನ್ನೊಡನೆ ಹೇಳಿದಾಗ, ಬಂಡಸಾಲೆಯ ಶಿಲ್ಪಶಾಸ್ತ್ರವೆಲ್ಲ ಆ ಒಂದೇ ವಾಕ್ಯದಲ್ಲಿ ಅಡಗಿದೆಯೆನಿಸಿತು. ನೆರೆಯ ನೀರು ತಾಗದ ಎತ್ತರದ ಜಗಲಿ, ಮುರಕಲ್ಲನ್ನು ಚಿಪ್ಪಿನ ಸುಣ್ಣದಲ್ಲಿ ಕೂಡಿಸಿ ಎತ್ತಿದ ದಪ್ಪ ಗೋಡೆ, ಮಳೆಯ ಎರಚಲಿಗೆ ಸಿಕ್ಕದಂತೆ ಮಾಡಿನಂಚಿನಲ್ಲಿ ಬಿಟ್ಟ ಕಿರುಗಿಂಡಿ, ನೆಲದ ತೇವ ಏರದಂತೆ ಹಾಸಿದ ಹಲಗೆ: ಇವುಗಳಲ್ಲಿ ಅಲಂಕಾರಕ್ಕೆಂದು ಇಟ್ಟದ್ದು ಒಂದೂ ಇಲ್ಲ, ಆದರೂ ಅವುಗಳ ಪ್ರಮಾಣದಲ್ಲಿ ಕಣ್ಣಿಗೆ ಹಿತವಾದ ಒಂದು ಗಾಂಭೀರ್ಯವುಂಟು.

ಒಳಗಿನ ಸರಕಾದ ಮುಡಿಯೂ ಒಂದು ಕಟ್ಟಡವೇ ಸರಿ. ಬೈಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದು ಕಟ್ಟಿದ ಆ ಉರುಟು ಮೂಟೆ, ನಮ್ಮ ಕಡೆಯ ಲೆಕ್ಕದಲ್ಲಿ 3 ಕಳಸಿಗೆ, ಎಂದರೆ 42 ಸೇರು. ಹುಳು ಹೊಗದೆ, ಮುಗ್ಗಲು ಹಿಡಿಯದೆ, ಕುಚ್ಚಲಕ್ಕಿ ಅದರೊಳಗೆ ಕೆಡದೆ ಉಳಿಯುತ್ತಿತ್ತು. ಕಟ್ಟುವ ಕೈಗಳು ವಿರಳವಾಗಿ, ಮುಡಿಯ ಜಾಗಕ್ಕೆ ಗೋಣಿಚೀಲ ಬಂದಿತು.

ಈ ಅಕ್ಕಿಗಾಗಿ ನಡೆದ ಹೋರಾಟಗಳೇ ಬಸರೂರಿನ ಇತಿಹಾಸದ ಬಹುಭಾಗ. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ತುಗೀಸ್ ಲೇಖಕ ದುವಾರ್ತೆ ಬಾರ್ಬೋಸನು ಬಾರಕೂರು ಬಸರೂರುಗಳನ್ನು ಜೊತೆಯಾಗಿ ಹೆಸರಿಸಿ, ಇಲ್ಲಿಂದ ಹಡಗುಗಟ್ಟಲೆ ಅಕ್ಕಿ ಹೊರಗೆ ಹೋಗುತ್ತದೆಂದು ಬರೆದನು. ಗೋವೆಯ ಅನ್ನಕ್ಕೆ ಈ ನೆಲವೇ ಆಧಾರವೆಂದು ಅರಿತ ಪೋರ್ತುಗೀಸರು 1569ರಲ್ಲಿ ನದಿಯ ಕೆಳಹರಿವಿನಲ್ಲಿ ಕೋಟೆಯನ್ನು ಸ್ಥಾಪಿಸಿ, 1629ರ ಸುಮಾರಿಗೆ ಗಂಗೊಳ್ಳಿಯಲ್ಲಿ ಇನ್ನೊಂದನ್ನೂ ಕಟ್ಟಿದರು. ಇಕ್ಕೇರಿಯನ್ನು ನೋಡಿ ಕೊಲ್ಲೂರಿನ ಮಾರ್ಗವಾಗಿ ಘಟ್ಟವಿಳಿದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಲ್ಲಿಗೆ ಬಂದಾಗ, ನಾಡವರ ಮೇಲಣ ಬಸರೂರನ್ನೂ ಪೋರ್ತುಗೀಸರ ಕೆಳಗಣ ಬಸರೂರನ್ನೂ ಬೇರೆಬೇರೆಯಾಗಿಯೇ ಗುರುತಿಸಿದನು. ಕೋಟೆ ಕೆಳಗೆ, ವ್ಯಾಪಾರ ಮೇಲೆ. ಫಿರಂಗಿಯುಳ್ಳವರು ಅಳಿವೆಯನ್ನು ಕಾದರು, ಮುಡಿಯುಳ್ಳವರು ಬೆಲೆಯನ್ನು ಕಾದರು. 1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪನಾಯಕನು ಆ ಕೋಟೆಗಳನ್ನು ಗೆದ್ದುಕೊಂಡನು.

1665ರ ಫೆಬ್ರವರಿಯಲ್ಲಿ ಶಿವಾಜಿಯು 85 ಸಣ್ಣ ನೌಕೆಗಳನ್ನೂ 3 ದೊಡ್ಡ ಹಡಗುಗಳನ್ನೂ ಕೂಡಿಕೊಂಡು ಬಂದು ಬಸರೂರನ್ನು ಸೂರೆಗೊಂಡ ಸಂಗತಿಯನ್ನು ಅಂದಿನ ಇಂಗ್ಲಿಷ್ ವರ್ತಕರ ಪತ್ರಗಳು ತಿಳಿಸುತ್ತವೆ. ಇತಿಹಾಸಕಾರರು ಇದನ್ನು ನೌಕಾಬಲದ ಪ್ರಕರಣವಾಗಿ ವಿವರಿಸುವರು. ನನ್ನ ಗಮನ ಹರಿಯುವುದು ಆ ತಿಂಗಳ ಕಡೆಗೆ. ಕಾರ್ತಿಯ ಅಕ್ಕಿ ಮುಡಿಯಾಗಿ ಒಳಸೇರಿ, ಕಡಲು ಶಾಂತವಾಗಿ, ಹಡಗುಗಳು ಹೇರಿಗೆ ಕಾದಿರುವ ಕಾಲವದು. ಬಂಡಸಾಲೆಗಳು ತುಂಬಿರುವ ಋತುವನ್ನು ಬಲ್ಲವನಲ್ಲದೆ ಆ ದಿನಗಳನ್ನು ಆಯ್ದುಕೊಂಡಾನೇ?

ಇಂದು ಹಂಗಾರಕಟ್ಟೆಯಿಂದ ಗಂಗೊಳ್ಳಿಯವರೆಗೆ ಕಾಣಸಿಗುವ ಹಳೆಯ ಬಂಡಸಾಲೆಗಳ ಮಾಡಿನಲ್ಲಿ ಇನ್ನೊಂದು ಯುಗದ ಕಥೆಯಿದೆ. 1865ರಲ್ಲಿ ಬಾಸೆಲ್ ಮಿಶನ್ನಿನ ಗಿಯೋರ್ಗ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ, ನದೀತೀರದ ಜೇಡಿ, ಕಾಡಿನ ಸೌದೆ, ಅಗ್ಗದ ಜಲಮಾರ್ಗ ಮೂರೂ ಕೂಡಿದ್ದ ನಮ್ಮ ಹೊಳೆಬದಿಗಳಿಗೂ ಆ ಉದ್ಯಮ ಹಬ್ಬಿತು. ಕಿಡಿಗೆ ಅಂಜುತ್ತಿದ್ದ ಹುಲ್ಲಿನ ಮಾಡು ಹೋಗಿ ಕೆಂಪು ಹಂಚು ಬಂದಿತು. ಅನಂತರ ಆ ಹಂಚೇ ಸರಕಾಗಿ, ಅಕ್ಕಿಯ ಪಕ್ಕದಲ್ಲಿ ಅಟ್ಟಿಗಟ್ಟಿ ಕುಳಿತು ಮಂಜಿಯೇರಿತು.

ಬಳಿಕ ಅಳಿವೆಗಳಲ್ಲಿ ಹೂಳು ತುಂಬಿತು, ಹೊಳೆಗಳಿಗೆ ಸೇತುವೆಗಳಾದವು, ಲಾರಿ ಬಂದಿತು. ಪಣಂಬೂರಿನ ಬಂದರಕ್ಕೆ 1974ರಲ್ಲಿ ಮಹಾಬಂದರದ ಪದವಿ ದೊರೆಯಿತು, 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡಿತು. ಉಳಿದಿರುವ ಬಂಡಸಾಲೆಗಳಲ್ಲಿ ಕೆಲವು ಬಲೆ ಹಗ್ಗಗಳನ್ನು ಇಡುವ ಕೊಠಡಿಗಳಾಗಿವೆ, ಕೆಲವು ಮಾಡಿಲ್ಲದೆ ನಿಂತಿವೆ. ಗುಡಿಗೆ ಜೀರ್ಣೋದ್ಧಾರ ಸಮಿತಿಯಿರುವುದು ಸಂತೋಷವೇ. ಅದರ ಹಣತೆಗೆ ಎಣ್ಣೆಯೆರೆದ ಈ ಗೋಡೆಗಳ ಅಳತೆಯನ್ನಾದರೂ ಯಾರಾದರೂ ತೆಗೆದು ನಕ್ಷೆ ಬರೆದಿಡಬಾರದೇ ಎಂಬುದು ನನ್ನ ಬಹುದಿನದ ಹಂಬಲ.

ಕಳೆದ ವಾರ ನಾನು ಕಂಡ ಒಂದು ಬಂಡಸಾಲೆಗೆ ಎರಡು ಬಾಗಿಲು. ರಸ್ತೆಯ ಕಡೆಯದಕ್ಕೆ ಹೊಸ ಬಣ್ಣ ಬಳಿದು ಕಬ್ಬಿಣದ ಬೀಗ ಹಾಕಿದ್ದರು. ಹೊಳೆಯ ಕಡೆಯದನ್ನು ಕಲ್ಲಿಟ್ಟು ಮುಚ್ಚಿದ್ದರು. ಆದರೆ ಅದರ ಹೊಸ್ತಿಲು, ಹೊರೆಹೊತ್ತವರ ಪಾದ ತಾಗಿ ನಡುವೆ ಬೋಗುಣಿಯಂತೆ ಸವೆದದ್ದು, ಹಾಗೆಯೇ ಇದ್ದಿತು. ಉಬ್ಬರದ ನೀರು ಅದರ ಕೆಳಗಿನ ಮೆಟ್ಟಿಲಿನವರೆಗೆ ಏರಿ ಬಂದಿತ್ತು.