ಕತ್ತರಿ ಹಿಡಿದ ಬಿಷಪ್

ಕೈಸರೈಯದ ಬಿಷಪ್ ಯೂಸೇಬಿಯಸ್ ಬರೆದ ಹತ್ತು ಪುಸ್ತಕಗಳ ಸಭಾ ಚರಿತ್ರೆಯ ಬಗ್ಗೆ ಎರಡು ಅಭಿಪ್ರಾಯಗಳು ಚಲಾವಣೆಯಲ್ಲಿವೆ. ಎರಡನ್ನೂ ಪುಸ್ತಕ ತೆರೆಯದೆಯೇ ಹೇಳಬಹುದು. ಸೆಮಿನರಿಗಳಲ್ಲಿ ಅವನು ಸಭಾ ಚರಿತ್ರೆಯ ಪಿತಾಮಹ. ಇತಿಹಾಸ ವಿಭಾಗಗಳಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಹೊಗಳುಭಟ. ನಮ್ಮಲ್ಲಿ ಭಾರತದ ಕ್ರೈಸ್ತ ಚರಿತ್ರೆ ಬರೆಯುವವರಂತೂ ಐದನೆಯ ಪುಸ್ತಕದಿಂದ ಪಂತೇನಸ್ ಭಾರತಕ್ಕೆ ಬಂದ ಪ್ರಸಂಗವನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಮುಚ್ಚಿಡುತ್ತಾರೆ. ಇದು ಕೇಳಿದ ಮಾತು ಎಂದು ಯೂಸೇಬಿಯಸ್ ಹಾಕಿದ್ದ ಷರತ್ತು ಅಷ್ಟರೊಳಗೆ ಎಲ್ಲೋ ಬಿದ್ದುಹೋಗಿರುತ್ತದೆ.

ಹೊಗಳುಭಟನೆಂಬ ಹೆಸರು ಗಟ್ಟಿಯಾದದ್ದು ದೊಡ್ಡವರ ಬಾಯಿಂದ. ನಖಶಿಖಾಂತ ಅಪ್ರಾಮಾಣಿಕನಾದ ಮೊದಲ ಇತಿಹಾಸಕಾರ ಇವನೇ ಎಂದು ಬುರ್ಕ್‌ಹಾರ್ಟ್ ತೀರ್ಪು ಕೊಟ್ಟ. ಅದಕ್ಕೂ ಮೊದಲು, 1776ರಲ್ಲಿ ಬಂದ ತನ್ನ ರೋಮನ್ ಸಾಮ್ರಾಜ್ಯದ ಚರಿತ್ರೆಯ ಮೊದಲ ಸಂಪುಟದಲ್ಲಿ, ಗಿಬ್ಬನ್ ಎಂಟನೆಯ ಪುಸ್ತಕದ ಎರಡನೆಯ ಅಧ್ಯಾಯವನ್ನು ತಪ್ಪೊಪ್ಪಿಗೆಯಂತೆ ಓದಿದ್ದ. ಡಯೊಕ್ಲೀಷಿಯನ್ 303ರಲ್ಲಿ ಶುರುಮಾಡಿದ ಹಿಂಸೆಯ ಕಥೆಗೆ ಕೈಹಾಕುವ ಮುನ್ನ ಯೂಸೇಬಿಯಸ್ ಅಲ್ಲಿ ಹೇಳುವುದಿಷ್ಟು: ನಂಬಿಕೆಯಿಂದ ಜಾರಿಬಿದ್ದವರ ವಿಷಯ ಬರೆಯುವುದಿಲ್ಲ, ನಮಗೂ ಮುಂದಿನವರಿಗೂ ಉಪಯೋಗವಾಗುವುದನ್ನಷ್ಟೇ ಬರೆಯುತ್ತೇನೆ. ಸಭೆಗೆ ಕೀರ್ತಿ ತರುವುದನ್ನು ಇಟ್ಟು ಅಪಕೀರ್ತಿ ತರುವುದನ್ನು ಅಡಗಿಸಿದ್ದೇನೆಂದು ಇವನೇ ಒಪ್ಪಿಕೊಂಡಂತಾಯಿತು ಎಂದ ಗಿಬ್ಬನ್. ಇನ್ನೂರೈವತ್ತು ವರ್ಷಗಳಿಂದ ಈ ವಾಕ್ಯ ಕೈಯಿಂದ ಕೈಗೆ ದಾಟುತ್ತಿದೆ. ಆದರೆ ಅದರ ಹಿಂದಿನ ಅಧ್ಯಾಯದಲ್ಲೇ ಬಿಷಪ್‌ಗಳು ಬಿಷಪ್‌ಗಳ ಮೇಲೆ ಹರಿಹಾಯ್ದದ್ದನ್ನು ಯೂಸೇಬಿಯಸ್ ಹೇಳಿಬಿಟ್ಟಿದ್ದಾನೆ. ಮುಂದಿನ ಅಧ್ಯಾಯದಲ್ಲಿ ಮೊದಲ ಏಟಿಗೇ ಕುಸಿದವರು ಲೆಕ್ಕವಿಲ್ಲದಷ್ಟು ಎಂದೂ ಬರೆದಿದ್ದಾನೆ. ಅವಮಾನ ಅಲ್ಲಿದೆ. ಇಲ್ಲದಿರುವುದು ಹೆಸರು, ಊರು, ಮುಖ. ಎಂಟನೆಯ ಪುಸ್ತಕದ ದೋಷ ಸುಳ್ಳಲ್ಲ, ಸಪ್ಪೆತನ. ಇದು ಸಾಹಿತ್ಯದ ದೋಷ, ಗಿಬ್ಬನ್ ಇದನ್ನು ನೀತಿಯ ದೋಷವೆಂದು ದಾಖಲಿಸಿದ.

ಈ ಗಲಾಟೆಯಲ್ಲಿ ಓದುಗರ ಕೈತಪ್ಪಿದ್ದು ಆರನೆಯ ಪುಸ್ತಕದ ಕೊನೆಯ ಅಧ್ಯಾಯಗಳು. ಅಲ್ಲಿ ಯೂಸೇಬಿಯಸ್ ಬರೆಯುವುದೇ ಕಡಿಮೆ. ಕತ್ತರಿ ಹಿಡಿದು ಹಳೆಯ ಕಾಗದಗಳನ್ನು ಕತ್ತರಿಸಿ ಅಂಟಿಸುತ್ತಾನೆ. ಒರಿಗೆನ್‌ನಿಂದ ಬಂದು, ಗುರು ಪಂಫಿಲಸ್ ಬೆಳೆಸಿದ ಕೈಸರೈಯದ ಗ್ರಂಥಭಂಡಾರ ಅವನ ಕೈಯಳತೆಯಲ್ಲಿತ್ತು. ಅದರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ದಿಯೊನೀಸಿಯಸನ ಪತ್ರಗಳಿದ್ದವು. ಸಾಮ್ರಾಜ್ಯದ ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಡೀಸಿಯಸ್ ಚಕ್ರವರ್ತಿ ಹೊರಡಿಸಿದ ಆಜ್ಞೆ 250ರ ಹೊತ್ತಿಗೆ ಈಜಿಪ್ಟಿಗೆ ಮುಟ್ಟಿದಾಗ ನಡೆದದ್ದು ಆ ಪತ್ರಗಳಲ್ಲಿದೆ.

ನಲವತ್ತನೆಯ ಅಧ್ಯಾಯದ ಪತ್ರವನ್ನೇ ನೋಡಿ. ಜೆರ್ಮಾನಸ್ ಎಂಬ ಬಿಷಪ್ ದಿಯೊನೀಸಿಯಸನ ಮೇಲೆ ಓಡಿಹೋದವನೆಂಬ ಆರೋಪ ಹೊರಿಸಿದ್ದಾನೆ. ಇದು ಅದಕ್ಕೆ ಉತ್ತರ. ಪ್ರಾಂತಾಧಿಕಾರಿ ಅಟ್ಟಿದ ಸೈನಿಕ ರಸ್ತೆ, ನದಿ, ಹೊಲ ಎಲ್ಲ ಜಾಲಾಡುತ್ತಾನೆ. ಬಿಷಪ್ ನಾಲ್ಕು ದಿನ ತನ್ನ ಮನೆಯಲ್ಲೇ ಕೂತಿದ್ದಾನೆ. ಆಮೇಲೆ, ದೇವರ ಅಪ್ಪಣೆಯಂತೆ, ಹೊರಡುತ್ತಾನೆ. ಸೂರ್ಯ ಮುಳುಗುವ ಹೊತ್ತಿಗೆ ಸೈನಿಕರಿಗೆ ಸಿಕ್ಕಿ ತಪೊಸೀರಿಸ್ ಎಂಬ ಊರಿಗೆ ಒಯ್ಯಲ್ಪಡುತ್ತಾನೆ. ಜೊತೆಗಾರ ತಿಮೊಥಿ ಆಗ ಅಲ್ಲಿರಲಿಲ್ಲ. ಬಂದು ನೋಡಿದರೆ ಮನೆ ಖಾಲಿ. ಗಾಬರಿಯಿಂದ ಓಡುವಾಗ ಎದುರಾದ ಹಳ್ಳಿಯವನೊಬ್ಬ ಮದುವೆಯ ಊಟಕ್ಕೆ ಹೊರಟಿದ್ದ. ಆತ ಸುದ್ದಿಯನ್ನು ಮದುವೆಮನೆಗೆ ಮುಟ್ಟಿಸುತ್ತಾನೆ. ನೆಂಟರೆಲ್ಲ ಒಟ್ಟಿಗೇ ಎದ್ದು ಕೂಗುತ್ತ ನುಗ್ಗುತ್ತಾರೆ, ಕಾವಲಿನ ಸೈನಿಕರು ಕಾಲಿಗೆ ಬುದ್ಧಿ ಹೇಳುತ್ತಾರೆ. ಒಳಗೆ ಬಿಷಪ್ ನಾರುಬಟ್ಟೆಯೊಂದರಲ್ಲಿ ಮಲಗಿದ್ದಾನೆ. ಬಂದವರನ್ನು ದರೋಡೆಕೋರರೆಂದು ತಿಳಿದು ಪಕ್ಕದಲ್ಲಿದ್ದ ಬಟ್ಟೆಗಳನ್ನೂ ಕೊಡಲು ಹೋಗುತ್ತಾನೆ. ಏಳು, ಹೊರಡು ಎಂದಾಗ ವಿಷಯ ಹೊಳೆಯುತ್ತದೆ. ನನ್ನನ್ನು ಬಿಟ್ಟುಬಿಡಿ, ಇಲ್ಲವೇ ನೀವೇ ತಲೆ ಕಡಿದುಬಿಡಿ ಎಂದು ಗೋಗರೆದು ನೆಲಕ್ಕೆ ಅಂಗಾತ ಬೀಳುತ್ತಾನೆ. ಅವರು ಕೈಕಾಲು ಹಿಡಿದು ಎಳೆದೊಯ್ದು ಜೀನಿಲ್ಲದ ಕತ್ತೆಯ ಮೇಲೆ ಕೂರಿಸುತ್ತಾರೆ.

ಒಬ್ಬ ಬಿಷಪ್ ತನ್ನನ್ನು ಇಷ್ಟು ಹಾಸ್ಯಾಸ್ಪದವಾಗಿ ಚಿತ್ರಿಸಿಕೊಳ್ಳುವುದೇಕೆ? ವಿನಯದಿಂದ ಎಂದರೆ ಪತ್ರವನ್ನು ಓದಿಲ್ಲವೆಂದೇ ಅರ್ಥ. ದೇವರಾಣೆ ಇಟ್ಟಿದ್ದಾನೆ, ಎಳೆದೊಯ್ದ ನಾಲ್ವರ ಹೆಸರನ್ನು ಸಾಕ್ಷಿಗಳಂತೆ ಬರೆದಿದ್ದಾನೆ: ಗಾಯಸ್, ಫೌಸ್ತಸ್, ಪೇತ್ರ, ಪೌಲ. ಇದು ವಕೀಲನ ಕೆಲಸ. ಕೈಕಾಲು ಹಿಡಿದು ಎಳೆಸಿಕೊಂಡವನನ್ನು ಓಡಿಹೋದವನೆಂದು ಕರೆಯಲಾಗದು. ನಗೆಪಾಟಲಿನ ಆ ಭಂಗಿಯೇ ಅವನ ನಿರಪರಾಧಿತ್ವಕ್ಕೆ ಪುರಾವೆ. ತಲೆ ಕಡಿಯಿರಿ ಎಂದ ಮಾತು ನಾಲ್ಕು ದಿನ ಮನೆಯಲ್ಲಿ ಕೂತದ್ದರ ಪಕ್ಕದಲ್ಲೇ ಬರುತ್ತದೆ. ಅದೂ ಲೆಕ್ಕ ಹಾಕಿಯೇ ಇಟ್ಟದ್ದು. ಲೆಕ್ಕವನ್ನು ಮೀರಿ ಉಳಿಯುವುದು ಮದುವೆಮನೆ. ಆ ನೆಂಟರು ಕ್ರೈಸ್ತರೋ ಅಲ್ಲವೋ ದಿಯೊನೀಸಿಯಸ್ ಹೇಳುವುದೇ ಇಲ್ಲ. ಇಂಥ ಕೂಟಗಳಲ್ಲಿ ರಾತ್ರಿಯಿಡೀ ಕೂರುವುದು ಆ ಜನರ ರೂಢಿ ಎಂಬ ವಿವರಣೆಯನ್ನಷ್ಟೇ ಕೊಡುತ್ತಾನೆ. ವಾದಕ್ಕೆ ಬೇಕಿಲ್ಲದ ಈ ವಿವರವನ್ನು ಯೂಸೇಬಿಯಸನ ಕತ್ತರಿ ತೆಗೆದುಹಾಕಬಹುದಿತ್ತು. ಹಾಗೇ ಬಿಟ್ಟಿದೆ.

ನಂತರದ ಅಧ್ಯಾಯದ್ದು ಅಂತಿಯೋಕ್ಯದ ಬಿಷಪ್ ಫೇಬಿಯಸನಿಗೆ ಬರೆದ ಪತ್ರ. ಬಲಿಪೀಠದ ಮುಂದೆ ಬಿಳಿಚಿಕೊಂಡು ನಡುಗುತ್ತ, ತಾವೇ ಬಲಿಪಶುಗಳೇನೋ ಎಂಬಂತೆ ನಿಂತ ಗಣ್ಯರು, ಅವರನ್ನು ಅಣಕಿಸುವ ಗುಂಪು, ನಾವೆಂದೂ ಕ್ರೈಸ್ತರೇ ಆಗಿರಲಿಲ್ಲ ಎಂದು ಧೈರ್ಯವಾಗಿ ಮುಂದೆ ಓಡುವವರು, ಎಲ್ಲ ಇದರಲ್ಲಿದ್ದಾರೆ. ಅಪಕೀರ್ತಿ ಅಡಗಿಸುವವನು ಇದನ್ನು ಪ್ರತಿ ಮಾಡಿಸಿ ಇಡುತ್ತಾನೆಯೇ? ಅದೇ ವರ್ಷದ ಜೂನ್, ಜುಲೈ ತಿಂಗಳ ಬಲಿ ಪ್ರಮಾಣಪತ್ರಗಳು ಈಜಿಪ್ಟಿನ ಮರಳಿನಲ್ಲಿ 1893ರಿಂದೀಚೆಗೆ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಒಂದು ಮೊಸಳೆ ದೇವರ ಪೂಜಾರಿಣಿಯದು. ಅಂದರೆ ಆಜ್ಞೆ ಎಲ್ಲರಿಗೂ ಅನ್ವಯಿಸಿತ್ತು. ಸತತ ಹಿಂಸೆಯ ಚಿತ್ರ ಬಹುಮಟ್ಟಿಗೆ ನಂತರದವರು ಕಟ್ಟಿದ್ದು ಎಂದು 2013ರಲ್ಲಿ ಕ್ಯಾಂಡಿಡಾ ಮಾಸ್ ವಾದಿಸಿದಾಗ ಅವರ ಬಲವಾದ ಅಂಶ ಇದೇ ಆಗಿತ್ತು. ಒಪ್ಪೋಣ. ಆದರೆ ಕ್ರೈಸ್ತರನ್ನು ಗುರಿಯಿಟ್ಟಿರಲಿಲ್ಲ ಎಂದ ಮಾತ್ರಕ್ಕೆ ಪೀಠದ ಮುಂದಿನ ನಡುಕ ಕಟ್ಟುಕಥೆಯಾಗದು.

ಈ ಪತ್ರಕ್ಕೂ ಒಳಉದ್ದೇಶವಿದೆ. ಜಾರಿದವರಿಗೆ ಕ್ಷಮೆಯಿಲ್ಲ ಎಂದ ನೊವೇಷಿಯನ್‌ನ ಪಕ್ಷಕ್ಕೆ ಫೇಬಿಯಸ್ ವಾಲುತ್ತಿದ್ದ. ಅದಕ್ಕೇ ದಿಯೊನೀಸಿಯಸ್ ಮುದುಕ ಸೆರಾಪಿಯೋನನ ಕಥೆ ಹೇಳುತ್ತಾನೆ. ಬಲಿ ಕೊಟ್ಟು ಜಾರಿದ್ದ ಅವನು ಸಾಯುವ ಹೊತ್ತಿಗೆ ಗುರುಗಳನ್ನು ಕರೆಯಲು ಮೊಮ್ಮಗನನ್ನು ಕಳಿಸುತ್ತಾನೆ. ರಾತ್ರಿ ಹೊತ್ತು, ಗುರುಗಳಿಗೂ ಕಾಯಿಲೆ. ಅವರು ಪರಮಪ್ರಸಾದದ ಚೂರೊಂದನ್ನು ಹುಡುಗನ ಕೈಗೇ ಕೊಡುತ್ತಾರೆ. ನೆನೆಸಿ ಅಜ್ಜನ ಬಾಯಿಗೆ ಹಾಕು ಎನ್ನುತ್ತಾರೆ. ಇದಕ್ಕಿಂತ ಒಳ್ಳೆಯ ವಾದವನ್ನು ಯಾವ ಧರ್ಮಶಾಸ್ತ್ರಿಯೂ ಹೂಡಲಾರ.

ಸಭೆಯ ಬೆಳವಣಿಗೆಯನ್ನು ಅಂಕಿಗಳಲ್ಲಿ ಅಳೆಯುವವರಿಗೂ ಇದೇ ಮಾತು: ಅಂಕಿ ಬಂದ ಪತ್ರದ ಉದ್ದೇಶವನ್ನು ಮೊದಲು ನೋಡಬೇಕು. ರೋಮಿನ ಸಭೆಯಲ್ಲಿ 46 ಹಿರಿಯರು, 7 ಸೇವಕರು, 7 ಉಪಸೇವಕರು, 42 ಪರಿಚಾರಕರು, ದೆವ್ವ ಬಿಡಿಸುವವರೂ ಓದುವವರೂ ದ್ವಾರಪಾಲಕರೂ ಸೇರಿ 52, ವಿಧವೆಯರೂ ಬಡವರೂ 1500ಕ್ಕೂ ಹೆಚ್ಚು ಎಂಬ ಪಟ್ಟಿ ಪ್ರಸಿದ್ಧ. ಇದರಿಂದಲೇ ಗಿಬ್ಬನ್ ರೋಮಿನಲ್ಲಿ ಸುಮಾರು 50,000 ಕ್ರೈಸ್ತರಿದ್ದರೆಂದು ಅಂದಾಜಿಸಿದ. 1996ರಲ್ಲಿ ರಾಡ್ನಿ ಸ್ಟಾರ್ಕ್ 1,000 ಜನರಿಂದ ಹೊರಟು, ದಶಕಕ್ಕೆ ಶೇಕಡಾ 40 ಎಂದು ಹಿಡಿದು, 300ರ ಹೊತ್ತಿಗೆ ಅರವತ್ತು ಲಕ್ಷದ ಆಸುಪಾಸಿಗೆ ತಂದು ನಿಲ್ಲಿಸಿದ. ಗುಣಾಕಾರ ಸರಿಯಾಗಿದೆ, ಹಿಡಿದ ದರವೇ ಊಹೆ. ರೋಮಿನ ಪಟ್ಟಿ ಬರುವುದಾದರೂ ಎಲ್ಲಿ? ರೋಮಿನ ಬಿಷಪ್ ಕೊರ್ನೇಲಿಯಸ್ ಪ್ರತಿಸ್ಪರ್ಧಿ ನೊವೇಷಿಯನ್‌ನನ್ನು ಬೈದು ಬರೆದ ಪತ್ರದಲ್ಲಿ. ಇಟಲಿಯ ಮೂಲೆಯಿಂದ ಮೂವರು ಮುಗ್ಧ ಬಿಷಪ್‌ಗಳನ್ನು ಕರೆಸಿ, ಕುಡಿಸಿ, ಅವರ ಕೈಯಿಂದ ಪಟ್ಟ ಕಟ್ಟಿಸಿಕೊಂಡನೆಂಬ ಚಾಡಿಯೂ ಅದೇ ಪತ್ರದಲ್ಲಿದೆ. ಅಷ್ಟು ದೊಡ್ಡ ಸಭೆಗೆ ಒಬ್ಬನೇ ಬಿಷಪ್ ಎಂದು ಇವನಿಗೆ ಗೊತ್ತಿರಲಿಲ್ಲವೇ ಎಂದು ಚುಚ್ಚಲು ಬಂದ ಸಂಖ್ಯೆಗಳಿವು.

ಯೂಸೇಬಿಯಸ್ ಹಿಂಸೆಯ ಕಾಲದಲ್ಲಿ ಸೆರೆಯಲ್ಲಿದ್ದು ಮೈಗೆ ಗಾಯವಿಲ್ಲದೆ ಹೊರಬಂದದ್ದು ಹೇಗೆ ಎಂದು, ಅದೇ ಹಿಂಸೆಯಲ್ಲಿ ಕಣ್ಣು ಕಳೆದುಕೊಂಡಿದ್ದ ಬಿಷಪ್ ಪೊಟಾಮೋನ್ 335ರಲ್ಲಿ ಟೈರ್‌ನಲ್ಲಿ ನಡೆದ ಬಿಷಪ್‌ಗಳ ಸಭೆಯಲ್ಲಿ ಕೇಳಿದನೆಂದು ಎಪಿಫೇನಿಯಸ್ ಬರೆಯುತ್ತಾನೆ. ದಶಕಗಳ ನಂತರ, ಎದುರು ಪಕ್ಷದವನು ಬರೆದದ್ದು. ಇದರ ಮೇಲೆ ತೀರ್ಪು ಕಟ್ಟುವವರು ಕಟ್ಟಲಿ. ನನಗೆ ಸಾಕಾಗುವ ಆರೋಪ ಬೇರೆ. ಒಂಬತ್ತನೆಯ ಪುಸ್ತಕದಲ್ಲಿ ಕಾನ್‌ಸ್ಟಂಟೈನ್‌ನ ಪಕ್ಕದಲ್ಲಿ ಹೊಗಳಿಸಿಕೊಂಡ ಲಿಸೀನಿಯಸ್, ಸೋತ ಮೇಲೆ ಹತ್ತನೆಯದರಲ್ಲಿ ದುಷ್ಟನಾಗುತ್ತಾನೆ. ಇಲ್ಲಿ ಕತ್ತರಿ ಆಡಿರುವುದು ಅರಮನೆಯ ಹವಾಮಾನ ನೋಡಿ. ಟೈರ್‌ನ ಹೊಸ ದೇವಾಲಯದ ಪ್ರತಿಷ್ಠೆಗೆ ಅವನೇ ಮಾಡಿದ ಉದ್ದನೆಯ ಭಾಷಣವಂತೂ ಓದಿದವರ ತಾಳ್ಮೆಗೆ ಪರೀಕ್ಷೆ. ಯಾರಾದರೂ ಯೂಸೇಬಿಯಸನನ್ನು ಕನ್ನಡಕ್ಕೆ ತರುವುದಾದರೆ ಆರು ಮತ್ತು ಏಳನೆಯ ಪುಸ್ತಕಗಳಿಂದ ಶುರುಮಾಡಲಿ. ಆ ಭಾಷಣವನ್ನು ಕೊನೆಗಿಡಲಿ, ಅಷ್ಟರೊಳಗೆ ಹಣ ಮುಗಿದರೂ ಚಿಂತೆಯಿಲ್ಲ.