ಗೋಳಗುಚ್ಛಗಳ ಗರ್ಭದಲ್ಲಿ ತಾರಾವಂಶಗಳು: ಒಂದು ವಿಮರ್ಶೆ

ಮಂಡ್ಯ ತಾಲ್ಲೂಕಿನ ದುದ್ದ ಗ್ರಾಮವು ಉತ್ತರ ಅಕ್ಷಾಂಶ 12.6ರ ಸಮೀಪದಲ್ಲಿರುವುದು. ಮೇ ತಿಂಗಳ ನಡುವೆ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಅಲ್ಲಿ ದಕ್ಷಿಣಕ್ಕೆ ಮೊಗಮಾಡಿ ನಿಂತವರಿಗೆ, ದಿಗಂತದಿಂದ ಸುಮಾರು 30 ಅಂಶ ಎತ್ತರದಲ್ಲಿ ಮಬ್ಬಾದ ಚುಕ್ಕೆಯೊಂದು ಬರಿಗಣ್ಣಿಗೇ ಗೋಚರಿಸುವುದು. ಬೇಯರನು 1603ರಲ್ಲಿ ಇದನ್ನು ಒಂಟಿ ನಕ್ಷತ್ರವೆಂದೇ ಎಣಿಸಿ ಒಮೆಗಾ ಎಂಬ ಅಕ್ಷರವನ್ನು ಕೊಟ್ಟನು. ಹ್ಯಾಲಿಯು 1677ರಲ್ಲಿ ಇದರ ಮಬ್ಬನ್ನು ಗುರುತಿಸಿದನು. ಇದು ಸುಮಾರು ಒಂದು ಕೋಟಿ ತಾರೆಗಳು ಕೂಡಿದ ಗೋಳಗುಚ್ಛವೆಂಬುದು ಈಗ ಸರ್ವವಿದಿತವು. ಲಂಡನ್ನಿನಲ್ಲಿ ಎಂದಿಗೂ ಉದಯಿಸದ ಈ ಒಮೆಗಾ ಸೆಂಟಾರಿಯನ್ನೂ ಇಂತಹ ಇತರ ಗುಚ್ಛಗಳನ್ನೂ ಕುರಿತು ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯ ವಿದ್ವಾಂಸರು ಇತರರೊಡಗೂಡಿ 2017ರಿಂದೀಚೆಗೆ ಪ್ರಕಟಿಸಿರುವ ಲೇಖನಗಳಲ್ಲಿ ಮೂರನ್ನು ಇಲ್ಲಿ ಪರಾಮರ್ಶಿಸಲಾಗುವುದು.

ವಿವಾದದ ಮೂಲವಿಷಯವಿದು. ಒಂದು ಗುಚ್ಛದ ತಾರೆಗಳೆಲ್ಲವೂ ಏಕಕಾಲದಲ್ಲಿ, ಏಕದ್ರವ್ಯದಿಂದ ಹುಟ್ಟಿದವೆಂಬುದು ಬಹುಕಾಲ ಪಾಠಪುಸ್ತಕಗಳ ಮತವಾಗಿತ್ತು. ಆ ಮತವು ನಿಂತರೆ ಗುಚ್ಛವು ತಾರಾಜೀವನವನ್ನು ಅಳೆಯುವ ನಂಬಿಗೆಯ ಅಳತೆಗೋಲಾಗುವುದು. ಬಿದ್ದರೆ ಆ ಅಳತೆಗೋಲನ್ನೇ ಮೊದಲು ಅಳೆಯಬೇಕಾಗುವುದು. ಇದರ ನಿರ್ಣಯವು ಬಹುಮಟ್ಟಿಗೆ ಗುಚ್ಛದ ಗರ್ಭದಲ್ಲಡಗಿದೆ. ಆದರೆ ಕಣದಲ್ಲಿ ಸುರಿದ ರಾಗಿಯ ರಾಶಿಯಲ್ಲಿ ಅಂಚಿನ ಕಾಳುಗಳನ್ನು ಬಿಡಿಬಿಡಿಯಾಗಿ ಎಣಿಸಬಹುದಲ್ಲದೆ ನಡುವಿನವನ್ನು ಎಣಿಸುವುದು ಸುಲಭವಲ್ಲ. ಗುಚ್ಛಗಳ ಗರ್ಭವೂ ಅಂತಹುದೇ.

ಈ ಕಷ್ಟಕ್ಕೆ ಒಂದು ಪರಿಹಾರವುಂಟು. ಗರ್ಭದಲ್ಲಿ ಕಣ್ಣನ್ನು ಕೋರೈಸುವ ಕೆಂಪು ದೈತ್ಯತಾರೆಗಳು ನೇರಳಾತೀತ ಕಿರಣದಲ್ಲಿ ಬಹುಮಟ್ಟಿಗೆ ಮಾಸಿಹೋಗುವುವು; ಹೆಚ್ಚು ಉಷ್ಣತೆಯ ತಾರೆಗಳು ಮಾತ್ರ ಉಳಿದು ಬೆಳಗುವುವು. ಹೊಸಕೋಟೆಯಲ್ಲಿ ಜೋಡಿಸಲ್ಪಟ್ಟು, 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಮೇಲೇರಿದ ನೇರಳಾತೀತ ದೂರದರ್ಶಕವು ಈ ಕಾರ್ಯಕ್ಕೆ ಯೋಗ್ಯವಾದುದು. ಅದರ ದೃಷ್ಟಿಕ್ಷೇತ್ರವು 28 ಕಲೆಗಳಷ್ಟು ವಿಶಾಲವಾದುದು. ವಿವೇಚನಶಕ್ತಿಯು ಸುಮಾರು 1.5 ವಿಕಲೆ. ಹಬಲ್ ದೂರದರ್ಶಕದ ದೃಷ್ಟಿ ಇದಕ್ಕಿಂತ ಬಹಳ ಸೂಕ್ಷ್ಮವಾದರೂ ಅದರ ಕ್ಷೇತ್ರವು ಕೆಲವೇ ಕಲೆಗಳಷ್ಟು. ಆದುದರಿಂದ ಒಳಗಿಗೆ ಒಂದು, ಹೊರಗಿಗೆ ಇನ್ನೊಂದು ಎಂದು ಎರಡನ್ನೂ ಕೂಡಿಸಿಕೊಳ್ಳುವುದು ಅನಿವಾರ್ಯವು.

ಅನ್ನಪೂರ್ಣಿ ಸುಬ್ರಮಣಿಯಂ ಮೊದಲಾದವರ 2017ರ ಲೇಖನವು ಎನ್‌ಜಿಸಿ 1851 ಎಂಬ ಗುಚ್ಛವನ್ನು ಕುರಿತದ್ದು. ದೈತ್ಯಾವಸ್ಥೆಯನ್ನು ದಾಟಿ ಗರ್ಭದಲ್ಲಿ ಹೀಲಿಯಮ್ಮನ್ನು ಉರಿಸುತ್ತಿರುವ ಸಮತಲಶಾಖೆಯ ತಾರೆಗಳಲ್ಲಿ ಎರಡು ವಂಶಗಳಿವೆಯೆಂದೂ, ಅವುಗಳ ಭೇದಕ್ಕೆ 1000ದಿಂದ 1200 ಕೋಟಿ ವರ್ಷಗಳವರೆಗಿನ ವಯಸ್ಸಿನ ಹರವಾಗಲಿ, 0.23ರಿಂದ 0.28ರವರೆಗಿನ ಹೀಲಿಯಮ್ ಪ್ರಮಾಣದ ಹರವಾಗಲಿ ಕಾರಣವಾಗಬಹುದೆಂದೂ ಲೇಖಕರು ಹೇಳುವರು. ಈ ‘ಆಗಲಿ’ ಎಂಬುದೇ ಲೇಖನದ ಪ್ರಾಮಾಣಿಕತೆಗೆ ಸಾಕ್ಷಿ. ತಾರೆಯು ಹೆಚ್ಚು ಮುದಿಯಾದರೂ, ಹುಟ್ಟಿನಿಂದ ಹೀಲಿಯಮ್ ಹೆಚ್ಚಾಗಿದ್ದರೂ, ಈ ಶಾಖೆಗೆ ಬರುವ ವೇಳೆಗೆ ಅದರ ಹೊರಹೊದಿಕೆ ತೆಳುವಾಗಿ ಬಣ್ಣ ನೀಲಿಗೆ ತಿರುಗುವುದು. ಫಲ ಒಂದೇ, ಹೇತು ಎರಡು. ಆದರೆ ನೀಲಿ ಮತ್ತು ಕೆಂಪು ತಾರೆಗಳ ಹಂಚಿಕೆಯಲ್ಲಿ ಕಂಡ ವ್ಯತ್ಯಾಸವು ಅತ್ಯಲ್ಪವೆಂದು ಅವರೇ ಒಪ್ಪಿರುವರು. ಈ ಗುಚ್ಛದ ಗರ್ಭದ ತ್ರಿಜ್ಯವು ಸುಮಾರು 5 ವಿಕಲೆಯಷ್ಟೇ ಆಗಿರುವಾಗ, ಅಷ್ಟು ಸಣ್ಣ ವ್ಯತ್ಯಾಸದ ಮೇಲೆ ಮುಂದಿನವರು ದೊಡ್ಡ ಸಿದ್ಧಾಂತವನ್ನು ಕಟ್ಟುವುದು ಯುಕ್ತವಲ್ಲ.

ಸ್ನೇಹಲತಾ ಸಾಹು ಮೊದಲಾದವರ 2019ರ ಲೇಖನವು ವಿರಳವಾದ ಎನ್‌ಜಿಸಿ 5466 ಗುಚ್ಛದ ಹೊರವಲಯದಲ್ಲಿರುವ ಒಂದು ‘ಹಿಂದುಳಿದ ನೀಲಿತಾರೆ’ಯನ್ನು ಕುರಿತದ್ದು. ಸ್ಯಾಂಡೇಜನು 1953ರಲ್ಲಿ ಮೊದಲು ಗುರುತಿಸಿದ ಈ ಜಾತಿಯ ತಾರೆಗಳು ತಮ್ಮ ಸಹಜಾತರೆಲ್ಲ ಮುಪ್ಪಾದ ಮೇಲೆಯೂ ಯೌವನದಲ್ಲಿರುವಂತೆ ತೋರುವುವು. ಸುಮಾರು 8000 ಕೆಲ್ವಿನ್ ಉಷ್ಣತೆಯ ಈ ತಾರೆಯ ಪಕ್ಕದಲ್ಲಿ ಸುಮಾರು 32,000 ಕೆಲ್ವಿನ್ ಉಷ್ಣತೆಯ ಶ್ವೇತಕುಬ್ಜವಿರುವುದನ್ನು ಲೇಖಕರು ಕಂಡುಹಿಡಿದು, ಸಂಗಾತಿಯ ದ್ರವ್ಯವನ್ನು ಸೆಳೆದುಕೊಂಡದ್ದರಿಂದ ಇದಕ್ಕೆ ಯೌವನ ಮರಳಿತೆಂದು ಸಾಧಿಸಿರುವರು. ಈ ಸಾಧನೆ ಒಪ್ಪತಕ್ಕದ್ದೇ. ಆದರೆ ವ್ಯಾಪ್ತಿಯನ್ನು ಮರೆಯಬಾರದು. ವಿರಳ ಗುಚ್ಛದ ಅಂಚಿನ ಒಂದು ನಿದರ್ಶನವು, ತಾರೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಸಂಭವವಿರುವ ದಟ್ಟ ಗರ್ಭಕ್ಕೆ ಪ್ರಮಾಣವಾಗಲಾರದು. ಮೇಲಾಗಿ ಶ್ವೇತಕುಬ್ಜವು ಕಾಲಕ್ರಮದಲ್ಲಿ ತಣ್ಣಗಾಗಿ ಈ ಕಿರಣದಲ್ಲಿ ಕಾಣದಾಗುವುದು. ಆದುದರಿಂದ ಸಂಗಾತಿ ಕಾಣದಿದ್ದ ಮಾತ್ರಕ್ಕೆ ಸಂಗಾತಿಯಿಲ್ಲವೆಂದು ಹೇಳುವಂತಿಲ್ಲ. ಅನುಪಲಬ್ಧಿಯು ಎಲ್ಲೆಡೆಯೂ ಅಭಾವಕ್ಕೆ ಸಾಧಕವಲ್ಲವಷ್ಟೆ.

ಮೂರನೆಯದು ದೀಪ್ತಿ ಪ್ರಭು ಮೊದಲಾದವರು 2022ರಲ್ಲಿ ಒಮೆಗಾ ಸೆಂಟಾರಿಯನ್ನು ಕುರಿತು ಬರೆದುದು. ಇಲ್ಲಿ ಸಮತಲಶಾಖೆಯ ಅತ್ಯುಷ್ಣ ತಾರೆಗಳು ಗಣಿತವು ಹೇಳುವುದಕ್ಕಿಂತ ಸುಮಾರು ಅರ್ಧ ಕಾಂತಿಮಾನದಷ್ಟು, ಎಂದರೆ ಬೆಳಕಿನ ಮೂರನೆಯ ಒಂದು ಭಾಗಕ್ಕೂ ಮಿಗಿಲಾಗಿ, ಮಂದವಾಗಿವೆ. ಕಂಡುದನ್ನು ಹೊಂದಿಸಲು ಕನಿಷ್ಠ ಐದು ವಂಶಗಳೂ, 0.43ರವರೆಗೆ ಏರುವ ಹೀಲಿಯಮ್ ಪ್ರಮಾಣವೂ ಬೇಕಾಯಿತು. ಐದು ವಂಶಗಳನ್ನು ಕಲ್ಪಿಸಿಕೊಂಡವರಿಗೆ ಯಾವ ಹಂಚಿಕೆ ತಾನೆ ಹೊಂದದು? ಎಂಬ ಆಕ್ಷೇಪವು ಸಹಜವಾಗಿಯೇ ಏಳುವುದು. ಕಲ್ಪನೆಯು ಹೊಂದಿತೆಂಬುದು ಬೇರೆ ಕಲ್ಪನೆಗಳನ್ನು ನಿರಾಕರಿಸುವುದಿಲ್ಲ.

ಆದರೆ ಇದಕ್ಕೆ ಸಮಾಧಾನವು ಲೇಖನದೊಳಗೇ ದೊರೆಯುವುದು. ಹೀಲಿಯಮ್ ಹೆಚ್ಚಾದ ಎಳೆಯ ವಂಶಗಳು ಕೇಂದ್ರದ ಕಡೆಗೆ ಹೆಚ್ಚಾಗಿ ಒತ್ತುಗೂಡಿವೆಯೆಂದು ಲೇಖಕರು ಎಣಿಸಿ ತೋರಿಸಿರುವರು. ಗುಚ್ಛದಲ್ಲಿ ಭಾರವಾದ ತಾರೆಗಳು ಒಳಗಿಳಿಯುವುದು ಸ್ವಭಾವವು. ಇವಾದರೋ ಇತರ ವಂಶದವುಗಳಿಗಿಂತ ಹಗುರವಾದವು. ಹಗುರವಾದವು ನಡುವೆ ನಿಂತಿರುವುದಕ್ಕೆ ಮುಳುಗುವಿಕೆಯು ಕಾರಣವಾಗಲಾರದು. ಹುಟ್ಟಿದ ಸ್ಥಳವೇ ಕಾರಣವಾಗಿರಬೇಕು. ಈ ಮಹಾಗುಚ್ಛದಲ್ಲಿ ತಾರೆಗಳು ಪರಸ್ಪರ ಆಕರ್ಷಣೆಯಿಂದ ಪೂರ್ತಿಯಾಗಿ ಕದಡಿಹೋಗಲು ಅತಿ ದೀರ್ಘಕಾಲ ಬೇಕಾಗುವುದರಿಂದ ಹುಟ್ಟಿನ ಗುರುತು ಇನ್ನೂ ಅಳಿದಿಲ್ಲ. ಗರ್ಭವು ಸುಮಾರು ಎರಡೂವರೆ ಕಲೆಗಳಷ್ಟು ಹರಡಿರುವುದರಿಂದ, ಹಿಂದಿನ ಗುಚ್ಛದಲ್ಲಿದ್ದ ಇಕ್ಕಟ್ಟಿನ ದೋಷವೂ ಇಲ್ಲಿ ಅಷ್ಟಾಗಿ ತಗಲದು.

ಆದುದರಿಂದ ಮೂರು ಲೇಖನಗಳ ತೂಕವೂ ಒಂದೇ ಅಲ್ಲ. ಮೊದಲನೆಯದು ಪ್ರಶ್ನೆಯನ್ನು ಸರಿಯಾಗಿ ಇಟ್ಟಿತು. ಎರಡನೆಯದು ಒಂದು ದಾರಿಯನ್ನು ನಿಶ್ಚಯಿಸಿತು. ಮೂರನೆಯದು ಏಕಜನ್ಮವಾದಕ್ಕೆ ವಿರೋಧವಾಗಿ ಬಲವಾದ ಸಾಕ್ಷ್ಯವನ್ನು ತಂದಿತು. ಒಂದು ಲೋಪವನ್ನು ಮಾತ್ರ ಹೇಳಬೇಕು. ಈ ದೂರದರ್ಶಕದ ಸಮೀಪ ನೇರಳಾತೀತ ವಿಭಾಗವು 2018ರ ಮಾರ್ಚಿಯಲ್ಲಿ ನಿಂತುಹೋಯಿತು. ಎನ್‌ಜಿಸಿ 1851ರಲ್ಲಿ ಸಮತಲಶಾಖೆಯ ಕೆಂಪು ತುದಿಯವರೆಗೂ ಕಾಣಿಸಿದ್ದು ಆ ವಿಭಾಗವೇ. ಅದಿಲ್ಲದೆ ದೂರ ನೇರಳಾತೀತದಲ್ಲಿ ಕಾಣುವುವು ಉಷ್ಣ ತಾರೆಗಳು ಮಾತ್ರ. ಉಳಿದ ವಂಶಗಳ ಲೆಕ್ಕವನ್ನು ಬೇರೆ ಯಂತ್ರಗಳಿಂದ ತಂದು ಕೂಡಿಸಬೇಕು. ಹಾಗೆ ಕೂಡಿಸುವವರು ಯಾವ ಎಣಿಕೆ ಯಾವ ಯಂತ್ರದ್ದೆಂಬುದನ್ನು ಮರೆಯದಿರುವುದು ಕ್ಷೇಮಕರ.

ಕನ್ನಡದಲ್ಲಿ ಖಗೋಳವನ್ನು ಬರೆಯುವವರು ಗುಚ್ಛದ ತಾರೆಗಳನ್ನು ಇನ್ನು ಮುಂದೆ ಅವಳಿಜವಳಿ ಮಕ್ಕಳೆಂದು ವರ್ಣಿಸುವುದನ್ನು ಬಿಟ್ಟು, ಅಜ್ಜನೂ ಮೊಮ್ಮಗನೂ ಒಂದೇ ಸೂರಿನಡಿ ಬಾಳುವ ಅವಿಭಕ್ತ ಕುಟುಂಬವೆಂದು ವರ್ಣಿಸುವುದು ಹೆಚ್ಚು ಸರಿಯಾದೀತು. ದುದ್ದದ ದಕ್ಷಿಣ ದಿಗಂತದ ಆ ಮಬ್ಬುಚುಕ್ಕೆಯು ಒಂದು ನಕ್ಷತ್ರವಲ್ಲವೆಂದು ತಿಳಿಯಲು ಶತಮಾನಗಳೇ ಬೇಕಾದುವು. ಅದು ಒಂದು ತಲೆಮಾರೂ ಅಲ್ಲವೆಂಬುದು ಈಗ ತಿಳಿದುಬರುತ್ತಲಿದೆ.