ಕೀಬೋರ್ಡ್ ಹೋಳಾದರೂ ಎಡಗೈಗೆ ಬಿಡುವಿಲ್ಲ

ಎರಡು ಹೋಳಿನ ಎರ್ಗೊನಾಮಿಕ್ ಕೀಬೋರ್ಡಿಗೆ ಸಿಗುತ್ತಿರುವ ಹೊಗಳಿಕೆ ಅದರ ಯೋಗ್ಯತೆಯನ್ನು ಮೀರಿದ್ದು. ಮಣಿಕಟ್ಟು ಹೊರಕ್ಕೆ ವಾಲದಂತೆ ಹೋಳುಗಳನ್ನು ಭುಜದಗಲಕ್ಕೆ ಸರಿಸಬಹುದು, ಅಂಗೈ ಪೂರಾ ಕವುಚದಂತೆ ಓರೆಯಾಗಿ ನಿಲ್ಲಿಸಬಹುದು; ಒಪ್ಪೋಣ. 1926ರಲ್ಲೇ ಜರ್ಮನಿಯ ಕ್ಲೊಕೆನ್‌ಬರ್ಗ್ ಟೈಪ್‌ರೈಟರಿಗೆ ಇಂಥದ್ದನ್ನೇ ಸೂಚಿಸಿದ್ದ. ಆದರೆ ನಮ್ಮಲ್ಲಿ ಇದನ್ನು ಹೊಗಳುವವರು ಇಂಗ್ಲಿಷ್ ಟೈಪ್ ಮಾಡಿ ನೋಡಿ ತೀರ್ಪು ಕೊಡುತ್ತಾರೆ. ಕನ್ನಡದ ಕೈಗಳಿಗೆ ಆ ತೀರ್ಪು ಸಲ್ಲುವುದಿಲ್ಲ.

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂಥ ಹೋಬಳಿ ಊರಿನಲ್ಲಿ ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ ತುಂಬುವವರು, ಜೆರಾಕ್ಸ್ ಅಂಗಡಿಯಲ್ಲಿ ಕರಾರುಪತ್ರ ಟೈಪ್ ಮಾಡುವವರು ಊರಿನ ಹೆಸರನ್ನೇ ಮತ್ತೆ ಮತ್ತೆ ಒತ್ತಬೇಕು. ನುಡಿ ತಂತ್ರಾಂಶದ ಕೆ.ಪಿ. ರಾವ್ ವಿನ್ಯಾಸದಲ್ಲಿ ಅದನ್ನು ಒತ್ತಿ ನೋಡಿ. ಎಸ್, ಶಿಫ್ಟ್ ಹಿಡಿದು ಎ, ಮತ್ತೆ ಎಸ್, ಒತ್ತಕ್ಷರಕ್ಕೆ ಎಫ್, ಆಮೇಲೆ ವಿ, ಇ. ‘ಸಾಸ್ವೆ’ ಮುಗಿಯುವವರೆಗೆ ಆರೂ ಅಕ್ಷರಗಳು ಎಡಗೈಯ ಪಾಲು. ‘ಹಳ್ಳಿ’ ಬಂದಾಗಲೇ ಬಲಗೈಗೆ ಕೆಲಸ. ಅಲ್ಲೂ ಎರಡು ಳಕಾರದ ನಡುವೆ ಎಫ್ ಒತ್ತಲು ಎಡಗೈಯೇ ಹಾಜರಾಗಬೇಕು. ಇಡೀ ಹೆಸರಿಗೆ 11 ಸಲ ಕೀಲಿ ಒತ್ತಿದರೆ 7 ಎಡಕ್ಕೆ. ಎಡಗಡೆಯ ಶಿಫ್ಟನ್ನೇ ರೂಢಿ ಮಾಡಿಕೊಂಡವರ ಕಿರುಬೆರಳಿಗೆ ಇದರ ಮೇಲೆ ಮೂರು ಸಲ ದುಡಿಮೆ. ಕೀಬೋರ್ಡಿನ ಹೋಳುಗಳನ್ನು ಮೇಜಿನ ಎರಡು ತುದಿಗಿಟ್ಟರೂ ಈ ಲೆಕ್ಕ ಬದಲಾಗದು.

ಅದೇ ಹೆಸರು ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸದಲ್ಲಿ ಎಡಕ್ಕೆ 6, ಬಲಕ್ಕೆ 5. ಸ್ವರಗಳು ಎಡಕ್ಕೆ, ವ್ಯಂಜನಗಳು ಬಹುಪಾಲು ಬಲಕ್ಕೆ; ಹಾಗಾಗಿ ‘ಸಾಸ್’ ಬಲ-ಎಡ, ಬಲ-ಎಡ ಎಂದು ಸಾಗುತ್ತದೆ. ವಕಾರ ಎಡಕ್ಕೆ ಬಿದ್ದಲ್ಲಿ ಲಯ ತಪ್ಪುತ್ತದೆ ನಿಜ, ಶಿಫ್ಟ್ ಮಾತ್ರ ಎರಡೇ ಸಲ.

ಇದನ್ನು ಹೇಳಿದರೆ ಕೆ.ಪಿ. ರಾವ್ ವಿನ್ಯಾಸದ ಅಭಿಮಾನಿಗಳು ಮುನಿಯುತ್ತಾರೆ. ಕಲಿಯಲು ಸುಲಭ ಎಂಬುದು ಅವರ ಬ್ರಹ್ಮಾಸ್ತ್ರ. ಇಂಗ್ಲಿಷ್ ಅಕ್ಷರ ಬಲ್ಲವರಿಗೆ ಕಕಾರ ಎಲ್ಲಿದೆಯೆಂದು ತೋರಿಸಬೇಕಿಲ್ಲ. ಕನ್ನಡ ಕಂಪ್ಯೂಟರಿಗೆ ಇಳಿದದ್ದರಲ್ಲಿ ಆ ಸುಲಭದ ಋಣ ದೊಡ್ಡದು. ಆದರೆ ಕಲಿಯುವುದು ಕೆಲವು ವಾರ, ಟೈಪ್ ಮಾಡುವುದು ನೌಕರಿ ಇರುವಷ್ಟು ಕಾಲ. ಇನ್‌ಸ್ಕ್ರಿಪ್ಟ್ ಪಕ್ಷದವರೂ ಕಡಿಮೆಯಿಲ್ಲ: ಭಾರತೀಯ ಭಾಷೆಗಳಿಗೆಲ್ಲ ಒಂದೇ ವಿನ್ಯಾಸ ಎಂದು ಭಾಷಣ ಮಾಡುವ ಭರದಲ್ಲಿ ಬೆರಳುಗಳ ಮಾತನ್ನೇ ಹಿಂದಕ್ಕೆ ತಳ್ಳಿದರು. ಎರಡೂ ಪಕ್ಷಕ್ಕೆ ಬೇಕಾದದ್ದು ಗೆಲುವು. ಮಣಿಕಟ್ಟು ಯಾರಿಗೂ ಬೇಕಿಲ್ಲ.

ಹೋಳು ಕೀಬೋರ್ಡಿನಲ್ಲಿ ಮೆಚ್ಚಬೇಕಾದದ್ದು ಬೇರೆಯೇ ಇದೆ, ಅದನ್ನು ಹೊಗಳುವವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಮೂನ್‌ಲ್ಯಾಂಡರಿನಂಥವುಗಳಲ್ಲಿ ಹೆಬ್ಬೆರಳಿನ ಕೆಳಗೆ ನಾವೇ ನಿಗದಿ ಮಾಡಿಕೊಳ್ಳಬಲ್ಲ ಕೀಲಿಗಳಿವೆ. ಸ್ಪೇಸ್ ಬಿಟ್ಟರೆ ಬೇರೆ ಕೆಲಸವಿಲ್ಲದ ಬಲ ಹೆಬ್ಬೆರಳಿಗೆ ಒತ್ತಕ್ಷರದ ಎಫ್ ಮತ್ತು ಶಿಫ್ಟ್ ಕೊಟ್ಟರೆ ‘ಸಾಸ್ವೆಹಳ್ಳಿ’ಯ ಎಡಗೈ ಲೆಕ್ಕ 7ರಿಂದ 5ಕ್ಕೆ ಇಳಿಯುತ್ತದೆ, ಕಿರುಬೆರಳೂ ಬಚಾವ್. ಕಿನೆಸಿಸ್ ಫ್ರೀಸ್ಟೈಲ್ 2ರಲ್ಲಿ ಹೋಳು ಉಂಟು, ಹೆಬ್ಬೆರಳಿಗೆ ಇಂಥ ಕೀಲಿಗುಚ್ಛವಿಲ್ಲ.

ಮೂನ್‌ಲ್ಯಾಂಡರಿನ ಬೆಲೆ 365 ಡಾಲರ್. ಹೋಬಳಿ ಊರಿನ ಅಂಗಡಿಗೆ ಅದು ಎಟುಕದ ಮಾತು. ಅಂಥವರು ಮೊದಲು ಮೇಜಿನ ಎತ್ತರ ತಗ್ಗಿಸಲಿ, ಬಲಗಡೆಯ ಶಿಫ್ಟ್ ಬಳಸಲಿ, ಬೆರಳು ಜೋಮು ಹಿಡಿಯುತ್ತಿದ್ದರೆ ವೈದ್ಯರಲ್ಲಿಗೆ ಹೋಗಲಿ. ದುಡ್ಡಿದ್ದವರು ಕೊಳ್ಳುವುದಾದರೆ ಹೆಬ್ಬೆರಳಿನ ಕೀಲಿಗಳನ್ನು ನೋಡಿ ಕೊಳ್ಳಲಿ. ಬರೀ ಹೋಳಿಗೆ ಅಷ್ಟು ದುಡ್ಡು ಸುರಿಯುವುದು ದಂಡ.